ಬಲಕ್ಕೆ ತಿರುಗಿದ ಚಕ್ರ

ನಮ್ಮ ಮಾವನವರ ಹೆಸರು ಪಂಚಾಕ್ಷರಯ್ಯ. ಚಿಕ್ಕಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ ಮಾಡಿ, ವಯಸ್ಸಾದ ಮೇಲೆ ಬಿಟ್ಟು ಮನೆಯಲ್ಲಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಮೈಮೇಲೆ ಗುಂಡಿ ಹಾಕಿದ ಕೋಟು, ತಲೆಗೆ ಪೇಟ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಅವರು ನಡೆದು ಬಂದರೆ ಜಗುಲಿಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಆ ಕೋಟಿನ ಎಡಗಡೆ ಜೇಬಿನಲ್ಲಿ ಮಾತ್ರ ಎಣ್ಣೆ ಮೆತ್ತಿದ ಬಟ್ಟೆಯ ಚೂರೊಂದು ಯಾವಾಗಲೂ ಇರುತ್ತಿತ್ತು. ಒಗೆಯುವವಳು ನಾನಾದ್ದರಿಂದ ನನಗೆ ಗೊತ್ತು.

ಅವರಿಗೆ ದೊಡ್ಡ ಇಂಜಿನ್ನುಗಳ ಹುಚ್ಚು. ಮೋಟಾರು ಕಾರು, ಬಸ್ಸು ಇಂಥವನ್ನು ಅವರು ತಿರುಗಿಯೂ ನೋಡುತ್ತಿರಲಿಲ್ಲ. ಇಂಜಿನು ಅಂದರೆ ಒಂದು ಕೋಣೆ ತುಂಬುವಷ್ಟು ದೊಡ್ಡದಿರಬೇಕು, ಹಳೆಯದಿರಬೇಕು, ಆಳೆತ್ತರದ ಚಕ್ರವಿರಬೇಕು, ಹತ್ತಿರ ಹೋದರೆ ಕಾಲ ಕೆಳಗಿನ ನೆಲ ಅದುರಬೇಕು. ಅಕ್ಕಿ ಗಿರಣಿ, ಐಸ್ ಫ್ಯಾಕ್ಟರಿ, ನೀರೆತ್ತುವ ಪಂಪುಮನೆ, ಎಲ್ಲಿ ಅಂಥದ್ದೊಂದು ಇದೆಯೆಂದು ಕೇಳಿದರೂ ನಡೆದುಕೊಂಡೇ ಹೋಗಿ ನೋಡಿ ಬರುತ್ತಿದ್ದರು. ಓದಿ ಕಲಿತದ್ದಲ್ಲ, ನೋಡಿ ನೋಡಿ ಕಲಿತದ್ದು. ಅತ್ತೆ ಶೈಲಜಮ್ಮನವರಿಗೆ ಇದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಮದುವೆಯಾಗಿ ನಾನು ಆ ಮನೆಗೆ ಬಂದೆ. ಹೊಸ ಸೊಸೆಯನ್ನು ಗವಿಪುರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬರುತ್ತೇವೆಂದು ಮಾವನವರೂ ಅತ್ತೆಯೂ ನನ್ನನ್ನು ಹೊರಡಿಸಿದರು. ದರ್ಶನ ಮುಗಿಸಿ ಬರುವಾಗ ಮಾವನವರು ಬಂದ ದಾರಿ ಬಿಟ್ಟು ಬೇರೊಂದು ಓಣಿಗೆ ತಿರುಗಿದರು. ಅತ್ತೆಗೆ ಅಲ್ಲೇ ಗೊತ್ತಾಗಿಹೋಯಿತು. ಅಕ್ಕಿ ಗಿರಣಿಯ ಹಿಂದೆ ತಗಡಿನ ಕೊಟ್ಟಿಗೆಯಲ್ಲಿ ಒಂದು ಇಂಜಿನು ಡುಬ್ ಡುಬ್ ಎಂದು ಬಡಿದುಕೊಳ್ಳುತ್ತಿತ್ತು.

"ಸೊಸೆಗೆ ದೇವರನ್ನ ತೋರಿಸ್ತೀನಿ ಅಂತ ಕರ್ಕೊಂಡ್ ಬಂದು ದೆವ್ವ ತೋರಿಸ್ತಿದೀರಲ್ಲ" ಎಂದರು ಅತ್ತೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

"ಒಂದೇ ನಿಮಿಷ ಕಣೇ."

"ನಿಮ್ಮ ಒಂದು ನಿಮಿಷಕ್ಕೆ ನಮ್ಮನೆ ಒಲೆ ಎಷ್ಟು ಸಲ ಆರಿದೆಯೋ."

ಮಾವನವರು ನನ್ನ ಕಡೆ ತಿರುಗಿ, "ಸರ್ವಮಂಗಳಾ, ಎಲ್ಲರೂ ಚಕ್ರ ನೋಡ್ತಾರೆ. ಚಕ್ರ ನೋಡ್ಬಾರ್ದು. ಅಲ್ಲಿ ನೋಡು, ನೀರು" ಎಂದರು. ಇಂಜಿನ್ನಿನ ಮೇಲಿಂದ ಒಂದು ಕೊಳವೆ ಹೊರಟು ಪಕ್ಕದ ತೊಟ್ಟಿಗೆ ಬಾಗಿತ್ತು. ಅದರ ಬಾಯಿಂದ ಬಿಸಿನೀರು ಒಂದೇ ಸಮನೆ ಬೀಳುತ್ತಿತ್ತು. "ಈ ಪುಟ್ಟ ಪಂಪು ತೊಟ್ಟಿಯ ನೀರನ್ನ ಇಂಜಿನ್ನಿನ ಹೊಟ್ಟೆ ಸುತ್ತ ಕಳಿಸುತ್ತೆ. ಬಿಸಿ ಎಳ್ಕೊಂಡು ನೀರು ವಾಪಸ್ ಬರುತ್ತೆ. ಈ ನೀರು ಬೀಳ್ತಿರೋ ತನಕ ಇಂಜಿನು ಕ್ಷೇಮ. ನಿಂತ್ರೆ ಮುಗೀತು. ಇಂಜಿನ್ ಹತ್ರ ನಿಂತೋನ ಕಣ್ಣು ನೀರಿನ ಮೇಲಿರಬೇಕು."

ಮಾವನವರ ಎದುರು ತಲೆ ಎತ್ತಿ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ತಲೆಯಾಡಿಸಿ ಆ ನೀರನ್ನು ನೋಡಿದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

ಅವರು ಎಲ್ಲಕ್ಕಿಂತ ಹೆಚ್ಚು ಹಚ್ಚಿಕೊಂಡಿದ್ದ ಇಂಜಿನು ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಮಲ್ಲಿಕಾರ್ಜುನಯ್ಯನವರ ಕಡಲೆಕಾಯಿ ಎಣ್ಣೆ ಮಿಲ್ಲಿನದು. ಅವರ ತಂದೆಯ ಕಾಲದಲ್ಲಿ ಮದರಾಸಿನಿಂದ ರೈಲಿನಲ್ಲಿ ತರಿಸಿ, ನಿಲ್ದಾಣದಿಂದ ಎತ್ತುಗಳನ್ನು ಸಾಲಾಗಿ ಕಟ್ಟಿ ಎಳೆಸಿದ್ದರಂತೆ. ಒಂದೇ ಹೊಟ್ಟೆ, ಪಕ್ಕಕ್ಕೊಂದರಂತೆ ಎರಡು ಚಕ್ರ. ಒಂದೊಂದು ಚಕ್ರವೂ ಮಾವನವರ ಪೇಟಕ್ಕಿಂತ ಎತ್ತರ. ಯುದ್ಧದ ಕಾಲದಲ್ಲಿ ಇಂಜಿನ್ನಿಗೆ ಉರಿಸುವ ಎಣ್ಣೆ ಸಿಕ್ಕದೆ ಅದು ನಿಂತಿತು. ಆಮೇಲೆ ಕರೆಂಟಿನ ಮೋಟಾರು ಬಂತು, ಇಂಜಿನ್ನಿನ ಮೇಲೆ ಟಾರ್ಪಾಲು ಬಿತ್ತು. ಆದರೂ ಮಾವನವರು ದಿನಾ ಸಂಜೆ ಹೋಗಿ ಟಾರ್ಪಾಲು ಸರಿಸಿ, ಜೇಬಿನ ಬಟ್ಟೆಯಿಂದ ಒರೆಸಿ, ಮತ್ತೆ ಮುಚ್ಚಿ ಬರುತ್ತಿದ್ದರು. ಬಾಣಂತಿಗೆ ಉಪಚಾರ ಮಾಡಿ ಬಂದರು ಎಂದು ಅತ್ತೆ ಅಡಿಗೆಮನೆಯಲ್ಲಿ ನಗುತ್ತಿದ್ದರು.

ಐವತ್ತೊಂದನೇ ಇಸವಿಯ ದಸರೆಗೆ ಮುಂಚೆ ಮಲ್ಲಿಕಾರ್ಜುನಯ್ಯನವರು ಆ ಜಾಗದಲ್ಲಿ ಗೋದಾಮು ಕಟ್ಟಿಸಬೇಕೆಂದು ನಿಶ್ಚಯಿಸಿ, ಇಂಜಿನ್ನನ್ನು ಕೊಡುತ್ತೇನೆಂದು ಗುಜರಿಯ ಮುರುಗೇಶನಿಗೆ ಹೇಳಿದರು. ಒಡೆದು ತೂಕಕ್ಕೆ ಹಾಕುವುದೆಂದು ಮಾತಾಯಿತು. ಮರುದಿನ ಮಾವನವರು ಕೋಟು ತೊಟ್ಟು, ಪೇಟ ಸುತ್ತಿ, ಹೆಣ್ಣು ಕೇಳಲು ಹೋಗುವವರ ಹಾಗೆ ಮಲ್ಲಿಕಾರ್ಜುನಯ್ಯನವರ ಮನೆಗೆ ಹೋದರು.

"ಒಡೀಬೇಡಿ ಸ್ವಾಮಿ. ಇಡಿಯಾಗಿ ತಗೊಂಡು ಹೋಗೋರನ್ನ ನಾನು ತಂದು ನಿಲ್ಲಿಸ್ತೀನಿ" ಎಂದರಂತೆ.

"ಕೆಟ್ಟು ನಿಂತಿರೋದನ್ನ ಯಾರು ತಗೋತಾರೆ ಪಂಚಾಕ್ಷರಯ್ಯನೋರೆ?"

"ಕೆಟ್ಟಿಲ್ಲ, ನಿಂತಿದೆ ಅಷ್ಟೆ. ನಡೆಸಿ ತೋರಿಸ್ತೀನಿ."

ಮಲ್ಲಿಕಾರ್ಜುನಯ್ಯನವರು ಒಳ್ಳೆಯವರು. ಆಯುಧಪೂಜೆಯ ದಿನದವರೆಗೆ ಕಾಯುತ್ತೇನೆ, ಅವತ್ತು ನಡೆದರೆ ಮಾರೋಣ, ಇಲ್ಲದಿದ್ದರೆ ಹಬ್ಬ ಮುಗಿದ ಮೇಲೆ ಮುರುಗೇಶನಿಗೆ ಎಂದರು. ಮಾವನವರು ಗೌರಿಬಿದನೂರಿನ ಒಬ್ಬ ಸಾಹುಕಾರರಿಗೆ ಹೇಳಿ ಕಳಿಸಿದರು. ಅವರ ಹತ್ತಿಯ ಮಿಲ್ಲಿಗೆ ಇನ್ನೂ ಕರೆಂಟು ಬಂದಿರಲಿಲ್ಲ.

ಅಲ್ಲಿಂದ ಹಬ್ಬದವರೆಗೆ ಮಾವನವರು ಮನೆಯಲ್ಲಿ ಇದ್ದದ್ದೇ ಕಡಿಮೆ. ತುಕ್ಕು ಉಜ್ಜಿದರು, ಸೀಮೆಎಣ್ಣೆಯಲ್ಲಿ ತೊಳೆದರು, ಪಂಪಿಗೆ ಹೊಸ ಚರ್ಮದ ಪಟ್ಟಿ ಹೊಲಿಸಿದರು. ಪಂಚೆಯ ಮೇಲಿನ ಕಲೆ ನಾನು ಎಷ್ಟು ಒಗೆದರೂ ಹೋಗಲಿಲ್ಲ. ಬೀದಿಯವರು ಅವರನ್ನು ಇಂಜಿನ್ ಪಂಚಾಕ್ಷರಿ ಎಂದು ಕರೆಯಲು ಶುರುಮಾಡಿದ್ದರು. ನೀರು ಹಿಡಿಯುವ ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು, "ಏನಮ್ಮ, ನಿಮ್ಮಾವ ಈ ವಯಸ್ನಲ್ಲಿ ಮೆಕ್ಯಾನಿಕ್ ಆದ್ರಂತೆ" ಎಂದು ಕೇಳುತ್ತಿದ್ದರು. ನಾನು ಕೊಡ ತುಂಬುವ ಮುಂಚೆಯೇ ಎತ್ತಿಕೊಂಡು ಬರುತ್ತಿದ್ದೆ. ಅತ್ತೆ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟರು.

"ಒಂದು ಕಬ್ಬಿಣದ ಗುಡ್ಡ ಯಾರ ಮನೆಗೆ ಹೋದ್ರೆ ನಿಮಗೇನು?"

"ಅದು ಸತ್ತಿಲ್ಲ ಕಣೇ. ಸಾಯದೇ ಇರೋದನ್ನ ಒಡೆದು ತೂಕಕ್ಕೆ ಹಾಕಿದ್ರೆ ನಾನು ನೋಡ್ಕೊಂಡಿರೋಕಾಗಲ್ಲ" ಎಂದರು ಮಾವನವರು.

ಆಯುಧಪೂಜೆಯ ದಿನ ಮಲ್ಲಿಕಾರ್ಜುನಯ್ಯನವರ ಮಿಲ್ಲಿಗೆ ಬೀದಿಯ ಅರ್ಧ ಜನ ಬಂದಿದ್ದರು. ಇಂಜಿನ್ನಿಗೆ ವಿಭೂತಿಪಟ್ಟೆ ಎಳೆದು, ಚೆಂಡುಹೂವಿನ ಹಾರ ಹಾಕಿ, ಮುಂದೆ ಬಾಳೆಕಂಬ ಕಟ್ಟಿದ್ದರು. ಮಂಗಳಾರತಿ ಆಗಿ, ಬೂದುಗುಂಬಳ ಒಡೆದದ್ದೂ ಆಯಿತು. ಹೆಂಗಸರು ಇಂಜಿನ್ನಿನ ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತಿದ್ದೆವು. ಗೌರಿಬಿದನೂರಿನ ಸಾಹುಕಾರರಿಗೆ ಕುರ್ಚಿ ಹಾಕಿತ್ತು. ಮಾವನವರು ಹೊಸ ಪಂಚೆ ಉಟ್ಟಿದ್ದರು.

ಆ ಜಾತಿಯ ಇಂಜಿನ್ನಿಗೆ ಮೊದಲು ತಲೆ ಕಾಯಿಸಬೇಕು. ಮಾವನವರು ಬುಸುಗುಡುವ ದೀಪವೊಂದನ್ನು ಅದರ ತಲೆಯ ಕೆಳಗಿಟ್ಟು, ಅದು ಕೆಂಪಗಾಗುವವರೆಗೂ ಕೈಕಟ್ಟಿ ನಿಂತರು. ಆಮೇಲೆ ಇಬ್ಬರು ಆಳುಗಳನ್ನು ಚಕ್ರಕ್ಕೆ ನಿಲ್ಲಿಸಿ, ತಾವೂ ಕೈಕೊಟ್ಟು, ಉಯ್ಯಾಲೆ ತೂಗಿದ ಹಾಗೆ ಹಿಂದಕ್ಕೆ ಮುಂದಕ್ಕೆ ತೂಗಿದರು. ಒಂದು ಸಲ ಡಬ್ ಎಂದಿತು. ಮತ್ತೊಂದು ಸಲ ಎಂದಿತು. ಆಮೇಲೆ ಚಕ್ರ ತಾನಾಗಿಯೇ ತಿರುಗಲು ಹಿಡಿಯಿತು. ಬಾಳೆಕಂಬದ ಎಲೆಗಳು ನಡುಗಿದವು. ಕೊಳವೆಯಿಂದ ಮೊದಲು ತುಕ್ಕುನೀರು, ಆಮೇಲೆ ತಿಳಿನೀರು ತೊಟ್ಟಿಗೆ ಬಿತ್ತು. ನನ್ನ ಪಕ್ಕದಲ್ಲಿದ್ದ ಅತ್ತೆಯ ಸೆರಗು ಮೂಗಿನಿಂದ ಕೆಳಗಿಳಿದಿತ್ತು.

ಗೌರಿಬಿದನೂರಿನವರು ಎದ್ದು ಬಂದು ಕೈ ಮುಗಿದರು. "ಒಪ್ಪಿದೆ. ಹಬ್ಬ ಕಳೀಲಿ, ಲಾರಿ ಕಳಿಸ್ತೀನಿ. ಕೂರಿಸೋಕೆ ನೀವೇ ಬರ್ಬೇಕು" ಎಂದರು.

ಮಾವನವರ ಮುಖ ಹಾಗೆ ಬೆಳಗಿದ್ದನ್ನು ನಾನು ಆ ಮುಂಚೆ ನೋಡಿರಲಿಲ್ಲ.

ಅಷ್ಟು ಹೊತ್ತಿಗೆ ಮಲ್ಲಿಕಾರ್ಜುನಯ್ಯನವರ ತಾಯಿ ಗಿರಿಜಾಂಬಾ ಅವರನ್ನು ಕೈಹಿಡಿದು ಕರೆತಂದು ಮುಂದೆ ಕುರ್ಚಿಯಲ್ಲಿ ಕೂರಿಸಿದರು. ಬಹಳ ವಯಸ್ಸಾದವರು, ಅವರ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಅವರು ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಇದೇನಪ್ಪ, ಎಡಕ್ಕೆ ತಿರುಗ್ತಿದೆ. ಹಬ್ಬದ ದಿನ ಅಪ್ರದಕ್ಷಿಣೆನಾ?"

"ಅಮ್ಮ, ಅದು ಇಂಜಿನ್ನು. ಅದು ತಿರುಗೋದೇ ಹಾಗೆ" ಎಂದರು ಮಗ.

"ಯಜಮಾನರು ತಂದಿದ್ದ ಸಾಮಾನು. ಮನೆ ಬಿಟ್ಟು ಹೋಗೋವಾಗ ಬಲಕ್ಕೆ ತಿರುಗಿ ಹೋಗಲಿ ಅಂದೆ. ಆಗಲ್ಲ ಅಂದ್ರೆ ಬಿಡಿ."

ಅಲ್ಲಿಗೆ ಮಾತು ಮುಗಿದಿತ್ತು. ಮುದುಕಿ ಬಿಡಿ ಎಂದಿದ್ದರು, ಸಾಹುಕಾರರು ಒಪ್ಪಿದ್ದರು. ಮಾವನವರು ಮುಂದೆ ಬಂದು ಹೇಳಿದರು:

"ಯಾಕಾಗಲ್ಲ ತಾಯಿ? ಈ ಜಾತಿ ಇಂಜಿನ್ನಿಗೆ ಎಡ ಬಲ ಎರಡೂ ಒಂದೇ. ಹೇಗೆ ಅಂದ್ರೆ ಹಾಗೆ ತಿರುಗಿಸ್ತೀನಿ."

"ನಿಜವಾಗ್ಲೂ?" ಎಂದರು ಮಲ್ಲಿಕಾರ್ಜುನಯ್ಯ.

"ಈಗ ನೋಡಿ."

ಅವರು ಹೇಳಿದ್ದು ಸುಳ್ಳಲ್ಲ. ಇಂಜಿನ್ನನ್ನು ನಿಲ್ಲಿಸಿ, ಆಳುಗಳಿಗೆ ಈ ಸಲ ಇನ್ನೊಂದು ಕಡೆಗೆ ತೂಗಿರೆಂದರು. ಎರಡೇ ತೂಗಿಗೆ ಹಿಡಿಯಿತು. ಚಕ್ರ ಬಲಕ್ಕೆ ತಿರುಗಿತು. ಜನ ಚಪ್ಪಾಳೆ ತಟ್ಟಿದರು. ಗಿರಿಜಾಂಬಾ ಅವರು ಹಣೆಗೆ ಕೈ ಮುಟ್ಟಿಸಿಕೊಂಡರು. ಮಾವನವರು ಜನರ ಕಡೆ ತಿರುಗಿ, ಇಂಜಿನ್ನಿಗೆ ಬೆನ್ನು ಹಾಕಿ, ಅದು ಹೇಗೆ ಎರಡೂ ಕಡೆ ತಿರುಗುತ್ತದೆಂದು ಸಾಹುಕಾರರಿಗೆ ಕೈಬೀಸಿ ವಿವರಿಸಲು ತೊಡಗಿದರು. ಬೀದಿಯವರೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದರು. ಇಂಜಿನ್ ಪಂಚಾಕ್ಷರಿ ಎಂದು ನಕ್ಕವರೂ ಅಲ್ಲಿದ್ದರು. ಅವರನ್ನು ನೋಡಿಯೇ ಮಾವನವರ ದನಿ ಇನ್ನಷ್ಟು ಏರಿತ್ತೆಂದು ಕಾಣುತ್ತದೆ.

ನಾನು ನಿಂತಿದ್ದದ್ದು ತೊಟ್ಟಿಯ ಪಕ್ಕ. ಮೊದಲ ಸಲ ಬಿದ್ದ ನೀರಿನ ಸದ್ದು ಕಿವಿಯಲ್ಲಿತ್ತು. ಈಗ ಆ ಸದ್ದಿಲ್ಲವೆಂದು ಕೊಳವೆಯ ಕಡೆ ನೋಡಿದೆ. ಒಣಗಿತ್ತು. ಪಂಪು ತಿರುಗುತ್ತಿತ್ತು, ಆದರೆ ಚಕ್ರದ ಜೊತೆ ಅದೂ ಉಲ್ಟಾ ತಿರುಗುತ್ತಿತ್ತು. ನೀರು ಮೇಲೆ ಹತ್ತುತ್ತಿರಲಿಲ್ಲ. ಇಂಜಿನ್ನಿನ ಮೈಮೇಲಿನ ಚೆಂಡುಹೂವು ಬಾಡಿ ಕಪ್ಪಾಗುತ್ತಿತ್ತು. ಅಷ್ಟು ಗಂಡಸರ ಮಧ್ಯೆ ನಾನು ಬಾಯಿ ತೆರೆದದ್ದು ಅದೇ ಮೊದಲು.

"ಮಾವ, ನೀರು" ಎಂದೆ.

ಮೊದಲ ಸಲ ಕೇಳಲಿಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಅಂದೆ. ಮಾತು ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ಮಾವನವರು ತಿರುಗಿ ಕೊಳವೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಬಾಯಿ ಅರ್ಧ ತೆರೆದೇ ಇತ್ತು.

ಎಣ್ಣೆ ನಿಲ್ಲಿಸಿ ಸುಮ್ಮನಿದ್ದರೆ ಅದು ತಾನಾಗಿ ತಣಿಯುತ್ತಿತ್ತೋ ಏನೋ. ಅವರು ಹಾಗೆ ಮಾಡಲಿಲ್ಲ. ಪೂಜೆಗೆ ತಂದಿಟ್ಟಿದ್ದ ತಣ್ಣೀರಿನ ಬಿಂದಿಗೆ ಕೈಗೆ ಸಿಕ್ಕಿತು. ಓಡಿಹೋಗಿ ಅದನ್ನು ಇಂಜಿನ್ನಿನ ಮೇಲೆ ಬೋರಲು ಸುರಿದರು. ಹಬೆ ಎದ್ದಿತು. ಆ ಹಬೆಯೊಳಗಿಂದ ಟಣ್ ಎಂದು ಒಂದು ಸದ್ದು ಬಂತು. ಹೆಂಗಸರಿಗೆಲ್ಲ ಆ ಸದ್ದು ಗೊತ್ತು. ಕಾದ ಬೀಡುಕಬ್ಬಿಣದ ಕಾವಲಿಗೆ ತಣ್ಣೀರು ಹಾಕಬಾರದೆಂದು ಅತ್ತೆ ನನಗೆ ಬಂದ ವಾರದಲ್ಲೇ ಹೇಳಿಕೊಟ್ಟಿದ್ದರು. ಚಕ್ರ ಇನ್ನೂ ಸ್ವಲ್ಪ ತಿರುಗಿ, ಏದುಸಿರು ಬಿಟ್ಟ ಹಾಗೆ ಮಾಡಿ ನಿಂತಿತು. ಹಬೆ ಕಳೆದ ಮೇಲೆ ನೋಡಿದರೆ ವಿಭೂತಿಪಟ್ಟೆಯ ಅಡ್ಡಕ್ಕೆ, ಮೇಲಿಂದ ಕೆಳಗಿನವರೆಗೆ, ಕೂದಲೆಳೆಯಂಥ ಕರಿ ಗೆರೆ. ಅದರಿಂದ ನೀರು ಜಿನುಗುತ್ತಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಲ್ಲಿಕಾರ್ಜುನಯ್ಯನವರು, "ಬಿಡಿ ಪಂಚಾಕ್ಷರಯ್ಯನೋರೆ, ಹಳೇದು, ಎಂದಾದ್ರೂ ಹೋಗೋದೇ" ಎಂದರು. ಗೌರಿಬಿದನೂರಿನವರು ತಾಂಬೂಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಗಿರಿಜಾಂಬಾ ಅವರು ಮಾತ್ರ, "ನಾನು ಬಾಯಿಮುಚ್ಕೊಂಡು ಇರಬೇಕಿತ್ತು" ಎಂದು ಎರಡೆರಡು ಸಲ ಅಂದರು. ಮಾವನವರು ನೆಲ ನೋಡುತ್ತ ನಿಂತಿದ್ದರು. ಹೊಸ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ಮನೆಗೆ ಬರುವಾಗ ಮುಂದೆ ಅವರು, ಹಿಂದೆ ನಾವಿಬ್ಬರು. ಜಗುಲಿಯ ಮೇಲೆ ಕೂತವರು ಅವತ್ತೂ ಎದ್ದು ನಿಂತರು. ಅವರು ತಲೆ ಎತ್ತಲಿಲ್ಲ. ಅತ್ತೆ ಏನಾದರೂ ಒಂದು ಚುಚ್ಚುಮಾತು ಆಡುತ್ತಾರೆಂದು ಕಾದೆ. ಅವರು ಒಂದೂ ಆಡಲಿಲ್ಲ. ಬಿಸಿನೀರು ಕಾಯಿಸಿ ಇಟ್ಟರು, ಎಲೆ ಹಾಕಿದರು, ಹೋಳಿಗೆ ಬಡಿಸಿದರು. ಅಷ್ಟು ವರ್ಷ ದಿನಾ ಮಾತಿನಲ್ಲಿ ಕುಟುಕುತ್ತಿದ್ದವರು ಅವತ್ತು ಸುಮ್ಮನಾದದ್ದೇ ಮಾವನವರಿಗೆ ಎಲ್ಲಕ್ಕಿಂತ ಹೆಚ್ಚು ತಾಗಿತು. ಹೋಳಿಗೆ ಮುರಿದಿಟ್ಟು ಎದ್ದುಬಿಟ್ಟರು.

ಅವತ್ತಿನಿಂದ ಅವರು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ನೀರು ಬೇಕಾದರೆ ಗೋಡೆಗೆ ಹೇಳುವರು. ನಾನು ಜಗುಲಿಗೆ ಬಂದರೆ ಅವರು ಒಳಗೆ ಹೋಗುವರು. ಹೇಳಿಕೊಟ್ಟಿದ್ದವರು ಅವರು, ನೋಡಿದವಳು ನಾನು. ಅದನ್ನು ಅವರು ಮರೆಯಲಾರದೆ ಹೋದರು. ನನಗೂ ಅವರ ಎದುರಿಗೆ ಸುಳಿಯಲು ನಾಚಿಕೆಯಾಗುತ್ತಿತ್ತು.

ಹಬ್ಬ ಕಳೆದ ಮೇಲೆ ಮುರುಗೇಶ ಆಳುಗಳನ್ನು ಕರೆದುಕೊಂಡು ಬಂದ. ಚಮ್ಮಟಿಗೆಯ ಏಟು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಮಾವನವರು ದೇವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಏಟು ನಿಂತಿತು, ಮುರುಗೇಶ ನಮ್ಮ ಬಾಗಿಲಿಗೆ ಬಂದ.

"ಅಮ್ಮಾ, ಸಾಮಿ ಇದಾರಾ? ದೊಡ್ಡ ಚಕ್ರ ಬರ್ತಾ ಇಲ್ಲ. ಹೊಡೆದು ಹೊಡೆದು ನಮ್ಮ ಹುಡುಗನ ಕೈ ಹೋಗುತ್ತೆ. ಅವರಿಗೆ ಗೊತ್ತಿರುತ್ತೆ ಅಂದ್ರು."

"ಅವರಿಗೆ ಮೈ ಸರಿಯಿಲ್ಲಪ್ಪ, ಹೋಗು" ಎಂದರು ಅತ್ತೆ.

ಒಳಗಿಂದ ಚಿಲಕ ತೆಗೆದ ಸದ್ದಾಯಿತು. ಮಾವನವರು ಹೊರಗೆ ಬಂದರು. ಹಳೆಯ ಕಲೆಬಿದ್ದ ಪಂಚೆ ಉಟ್ಟಿದ್ದರು. ಕೋಟೂ ಇಲ್ಲ, ಪೇಟವೂ ಇಲ್ಲ. "ನಡಿ" ಎಂದರು, ಅಷ್ಟೇ.

ಮಧ್ಯಾಹ್ನವಾದರೂ ಬರಲಿಲ್ಲ. ಅತ್ತೆ ನನ್ನ ಕೈಗೆ ಮಜ್ಜಿಗೆ ಚೊಂಬು ಕೊಟ್ಟು ಕಳಿಸಿದರು. ಹೋಗಿ ನೋಡಿದರೆ ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿದ ಒಂದೊಂದು ಭಾಗವನ್ನೂ ಜೇಬಿನಲ್ಲಿರುತ್ತಿದ್ದ ಆ ಬಟ್ಟೆಯಿಂದ ಒರೆಸಿ ಮುರುಗೇಶನಿಗೆ ಕೊಡುತ್ತಿದ್ದರು. ತೂಕಕ್ಕೆ ಹೋಗುವುದನ್ನು ಯಾರು ಒರೆಸುತ್ತಾರೆ? ಮುರುಗೇಶನೂ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಚಕ್ರವನ್ನು ಹಿಡಿದಿದ್ದ ಬೆಣೆಯನ್ನು ಆಗಲೇ ಸಡಿಲಿಸಿದ್ದರು. ಚಕ್ರ ಮಾತ್ರ ಇನ್ನೂ ಅದರ ಜಾಗದಲ್ಲೇ ಇತ್ತು.

"ಸರ್ವಮಂಗಳಾ, ಈ ಕಡೆ ಬಾ" ಎಂದರು, ನನ್ನನ್ನು ನೋಡದೆ.

ಇಂಜಿನ್ನಿನ ಆಚೆ ಕಡೆ, ಗೋಡೆಗೂ ಅದಕ್ಕೂ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ನಿಲ್ಲು ಎಂದರು. ತಾವು ಈ ಕಡೆಯ ಚಕ್ರಕ್ಕೆ ಕೈಕೊಟ್ಟು, ಅದು ಮೊದಲಿನಿಂದಲೂ ತಿರುಗುತ್ತಿದ್ದ ಹಾಗೆ ಎಡಕ್ಕೆ ಮೆಲ್ಲಗೆ ತಿರುಗಿಸಿದರು. ನನ್ನ ಕಡೆಯ ಚಕ್ರವೂ ಜೊತೆಗೆ ತಿರುಗಿತು.

"ಯಾವ ಕಡೆಗೆ ತಿರುಗ್ತಿದೆ?"

ನಾನು ನೋಡಿದೆ. "ಬಲಕ್ಕೆ, ಮಾವ."

"ಹೌದು. ಅದೇ ಇಂಜಿನ್ನು, ಅದೇ ತಿರುಗು. ಆ ತಾಯಿಯ ಕುರ್ಚಿಯನ್ನ ಎತ್ತಿ ಆ ಕಡೆ ಹಾಕಿದ್ರೆ ಆಗಿತ್ತು. ನನಗೆ ಹೊಳೀಲಿಲ್ಲ. ಹೊಳೆಯೋಕೆ ನಾನು ಇಂಜಿನ್ ನೋಡ್ತಿದ್ರೆ ತಾನೆ? ನಾನು ಜನರನ್ನ ನೋಡ್ತಿದ್ದೆ."

ಮಜ್ಜಿಗೆ ಕುಡಿಯಲಿಲ್ಲ. ಚಕ್ರವನ್ನು ತಾವೇ ಹಿಡಿದು, ಆಳುಗಳ ಜೊತೆ ಸೇರಿ ಕೆಳಗಿಳಿಸಿದರು. ಸಂಜೆ ಮುರುಗೇಶ ಹಿತ್ತಾಳೆಯ ಎಣ್ಣೆಬಟ್ಟಲೊಂದನ್ನು ತಂದು, "ನೆನಪಿಗೆ ಇಟ್ಕೊಳ್ಳಿ ಸಾಮಿ" ಎಂದು ಕೊಡಲು ಬಂದ. ಮಾವನವರು ಅದನ್ನು ಮುಟ್ಟಲಿಲ್ಲ. "ಒಡೆದೋನು ನಾನು. ನೆನಪು ಬೇರೆ ಬೇಕಾ?" ಎಂದು ಕಾಲು ತೊಳೆಯಲು ಹೋದರು.

ಆಮೇಲೆ ಬಹಳ ವರ್ಷ ಅವರು ಯಾವ ಇಂಜಿನ್ನನ್ನೂ ನೋಡಲು ಹೋಗಲಿಲ್ಲ. ಕೋಟಿನ ಜೇಬು ಚೊಕ್ಕಟವಾಗಿತ್ತು. ಹಿಂದಿನ ಬೀದಿಯಲ್ಲಿ ಗೋದಾಮು ಎದ್ದಿತು. ಮಾರ್ಕೆಟ್ಟಿಗೆ ಹೋಗಬೇಕಾದರೆ ಆ ದಾರಿ ಹತ್ತಿರ, ಆದರೂ ಇವರು ಸುತ್ತಿ ಹೋಗುತ್ತಿದ್ದರು. ಆಯುಧಪೂಜೆಗೆ ಅಡಿಗೆಮನೆಯ ಕತ್ತಿ, ಈಳಿಗೆಮಣೆಗೆ ಕುಂಕುಮ ಇಡು ಎಂದು ನನಗೆ ಹೇಳಿ, ತಾವು ದಿನವಿಡೀ ಒಳಗೇ ಇರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅತ್ತೆಯೇ ಮಾತು ತೆಗೆದರು. ಕಡ್ಡಿಯಲ್ಲಿ ಹಲ್ಲು ಚುಚ್ಚಿಕೊಳ್ಳುತ್ತ, ಏನೂ ಅಲ್ಲದ ವಿಷಯವೆಂಬಂತೆ, "ಮೈಸೂರು ರಸ್ತೆ ಐಸ್ ಫ್ಯಾಕ್ಟರೀಗೆ ಭಾರಿ ದೊಡ್ಡ ಇಂಜಿನ್ ಬಂದಿದೆಯಂತೆ. ಹಾಲಿನವನು ಹೇಳಿದ. ಎರಡು ಬೀದಿಗೆ ಕೇಳುತ್ತಂತೆ" ಎಂದರು.

ಮಾವನವರು ಪಂಚಾಂಗದ ಹಾಳೆ ತಿರುವಿದರು.

"ಮನೇಲೇ ಕೂತು ಕೂತು ನಮ್ಮ ತಲೆ ತಿನ್ನೋ ಬದಲು ಒಂದು ಸಲ ಹೋಗಿ ಬನ್ನಿ."

ಅವತ್ತು ಹೋಗಲಿಲ್ಲ. ಇನ್ನೊಂದು ದಿನ ಸಂಜೆ, ಯಾರಿಗೂ ಹೇಳದೆ, ಕೊಡೆ ತೆಗೆದುಕೊಂಡು ಹೊರಟರು. ದೀಪ ಹಚ್ಚುವ ಹೊತ್ತಿಗೆ ಬಂದರು. ನಾನು ಕಾಲಿಗೆ ನೀರು ಕೊಟ್ಟೆ. ಅತ್ತೆ ಒಳಗಿಂದಲೇ ಕೇಳಿದರು:

"ನೋಡಿದ್ರಾ?"

"ಇಲ್ಲ. ಒಳಗೆ ಹೋಗ್ಲಿಲ್ಲ. ಕಾಂಪೌಂಡಿನ ಆಚೆ ನಿಂತು ಕೇಳಿದೆ." ಆಮೇಲೆ ಚೊಂಬು ಕೆಳಗಿಟ್ಟು, ನನ್ನ ಮುಖ ನೋಡಿ ಹೇಳಿದರು. "ನೀರು ಸರಿಯಾಗಿ ಬೀಳ್ತಿದೆ ಕಣಮ್ಮ. ಸದ್ದು ಚೆನ್ನಾಗಿ ಕೇಳ್ತು."

"ನೀರು ಬೀಳೋ ಸದ್ದು ಕೇಳೋಕೆ ಮೈಸೂರು ರಸ್ತೆತನಕ ಹೋಗ್ಬೇಕಿತ್ತಾ? ನಮ್ಮ ಬಚ್ಚಲು ನಲ್ಲಿ ಬೆಳಿಗ್ಗೆಯಿಂದ ಸೋರ್ತಿದೆ" ಎಂದರು ಅತ್ತೆ.

ಮಾವನವರು ಒದ್ದೆ ಕಾಲಿನಲ್ಲೇ ಬಚ್ಚಲಿಗೆ ಹೋಗಿ ನಲ್ಲಿ ನೋಡಿದರು. ಸುಮಾರು ಹೊತ್ತು ಅದರ ಮುಂದೆ ಬಗ್ಗಿ ನಿಂತಿದ್ದು, ಕೈ ಹಾಕದೆ, "ನಾಳೆ ನಲ್ಲಿಯವನನ್ನ ಕರೆಸು" ಎಂದು ಹೇಳಿ ಹೊರಗೆ ಬಂದರು.